ವಾರದ ಕಂತು, ಎರಡು ತಿಂಗಳ ಮಳೆ: ಒಣಮೀನಿನ ವ್ಯಾಪಾರಕ್ಕೆ ಇನ್ನೊಂದು ಸಾಲ ಮಾಡಲೇ?

ಪ್ರಶ್ನೆ: ನಾನು ಅಂಕೋಲಾ ತಾಲ್ಲೂಕಿನ ಕಡಲ ಕೇರಿಯವಳು. ಹನ್ನೊಂದು ವರ್ಷದಿಂದ ಒಣಮೀನು ಮಾರುತ್ತಿದ್ದೇನೆ. ಗಂಡ ಬೇರೆಯವರ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಮೀನನ್ನು ಚೊಕ್ಕವಾಗಿ ಒಣಗಿಸಿ ಪ್ಯಾಕೆಟ್ ಮಾಡಿ ಮಾರಬೇಕೆಂದು ಕಳೆದ ಮಾರ್ಚಿನಲ್ಲಿ ವಾರದ ಸಂಘದಿಂದ 50 ಸಾವಿರ ಸಾಲ ತೆಗೆದೆ. ಅದೇ ತಿಂಗಳು ಗಂಡನ ಕಾಲು ಮುರಿದು 30 ಸಾವಿರ ಆಸ್ಪತ್ರೆಗೆ ಹೋಯಿತು. ಮಳೆಗಾಲದಲ್ಲಿ ಕಂತು ಕಟ್ಟಲಾಗದೆ, ನನ್ನ ಪಾಲನ್ನು ನಾದಿನಿ ಕಟ್ಟಿದಳು. ಅದರ ನೋವು ಅವಳಿಗೆ ಇನ್ನೂ ಇದೆ. ಆಗಸ್ಟಿನಲ್ಲಿ ಇನ್ನೊಂದು ಕಡೆ 30 ಸಾವಿರ ತೆಗೆದು ಹಳೆಯದನ್ನು ಸರಿಮಾಡಿದೆ. ಸೆಪ್ಟೆಂಬರಿನಲ್ಲಿ ಮೀನು ಖರೀದಿಗೆಂದು ಮತ್ತೊಂದು ಕಡೆ 40 ಸಾವಿರ. ಈಗ ವಾರಕ್ಕೆ 610 ಮತ್ತು 650, ತಿಂಗಳಿಗೆ 2,120 ಕಟ್ಟುತ್ತಿದ್ದೇನೆ. ಮೂರೂ ಸೇರಿ 72 ಸಾವಿರ ಬಾಕಿ. ಸೀಸನ್ನಿನಲ್ಲಿ ಇಬ್ಬರದೂ ಸೇರಿ ತಿಂಗಳಿಗೆ 17 ಸಾವಿರ ಬಂದರೆ, ಜೂನ್–ಜುಲೈಯಲ್ಲಿ 6 ಸಾವಿರ ಬಂದರೆ ಹೆಚ್ಚು. ಕಂತಿಗಾಗಿ ಮೇ ತಿಂಗಳಲ್ಲೇ ಮೀನೆಲ್ಲ ಮಾರಿಬಿಡುತ್ತೇನೆ. ಈಗ ಒಬ್ಬರು 90 ಸಾವಿರ ಕೊಡುತ್ತೇವೆ, ಮೂರನ್ನೂ ತೀರಿಸಿ 18 ಸಾವಿರ ಕೈಗೆ, ವಾರಕ್ಕೆ 1,100ರಂತೆ 104 ವಾರ ಎನ್ನುತ್ತಿದ್ದಾರೆ. ತೆಗೆಯಲೇ? ಸರ್ಕಾರ ಸಂಘದ ಸಾಲ ಮನ್ನಾ ಮಾಡಿದೆ, ಕಟ್ಟಬೇಡ ಎಂದು ಕೆಲವರು ಹೇಳುತ್ತಾರೆ. ಕಟ್ಟದಿದ್ದರೆ ರೇಷನ್ ಕಾರ್ಡ್ ಹೋಗುತ್ತದೆ, ಪೊಲೀಸರು ಬರುತ್ತಾರೆ ಎಂದು ಇನ್ನು ಕೆಲವರು. 45 ಸಾವಿರದ ಪ್ಯಾಕಿಂಗ್ ಯಂತ್ರವೊಂದನ್ನು ನೋಡಿಟ್ಟಿದ್ದೇನೆ, ಸಬ್ಸಿಡಿ ಸಿಗುತ್ತದೆಯೇ? ಮಗಳಿಗೆಂದು ಇಟ್ಟ ಎರಡು ಬಳೆ ಬಿಟ್ಟರೆ ನನ್ನಲ್ಲಿ ಬೇರೇನೂ ಇಲ್ಲ. ವ್ಯಾಪಾರದಲ್ಲಿ ಸೋತೆ.

ಉತ್ತರ: ಸುಗ್ಗಿ ಕುಣಿತದ ವಾರ ನಿಮ್ಮ ಪತ್ರ ಕೈಸೇರಿತು. ಎರಡು ಸಲ ಓದಿದೆ. ನೀವು ಕೇಳಿದ್ದು 90 ಸಾವಿರದ ಬಗ್ಗೆ. ಆದರೆ ಪತ್ರದ ನಡುವೆ ಹೇಳಿಕೊಳ್ಳುತ್ತ ಹೋದ ಒಂದು ಮಾತು ನನಗೆ ಅದಕ್ಕಿಂತ ಮುಖ್ಯವಾಗಿ ಕಂಡಿತು. ಕಂತಿಗಾಗಿ ಮೇ ತಿಂಗಳಲ್ಲೇ ಮೀನೆಲ್ಲ ಮಾರುತ್ತೇನೆ ಎಂದಿರಿ. ಅಲ್ಲಿಗೇ ಬರುತ್ತೇನೆ. ಅದಕ್ಕೂ ಮೊದಲು ನಿದ್ದೆ ಕೆಡಿಸುತ್ತಿರುವ ಸುದ್ದಿಗಳನ್ನು ಬದಿಗೆ ಸರಿಸೋಣ.

ಸಾಲ ಮನ್ನಾ ಆಗಿಲ್ಲ. 2025ರ ಫೆಬ್ರುವರಿ 12ರಂದು ರಾಜ್ಯ ಸರ್ಕಾರ ಒಂದು ಸುಗ್ರೀವಾಜ್ಞೆ ಹೊರಡಿಸಿತು, ಆಮೇಲೆ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ ಎಂದು ಅದರಲ್ಲಿದೆ. ಸಾಲ ರದ್ದಾಗುವ ಮಾತೂ ಇದೆ. ಆದರೆ ಅದು ನೋಂದಣಿ, ಪರವಾನಗಿ ಇಲ್ಲದೆ ಸಾಲ ಕೊಟ್ಟವರಿಗೆ ಸಂಬಂಧಿಸಿದ್ದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು, ಹಣಕಾಸು ಕಂಪನಿಗಳ ಸಾಲ ಅದರಿಂದ ಅಳಿಯುವುದಿಲ್ಲ. ನೀವು ಕಳಿಸಿದ ಮೂರೂ ಸಾಲದ ಕಾರ್ಡುಗಳು ನೋಂದಾಯಿತ ಸಂಸ್ಥೆಗಳವೇ. ಮನ್ನಾ ಆಯಿತೆಂದು ಕಂತು ನಿಲ್ಲಿಸಿದವರ ಹೆಸರು ಸಾಲ ಮಾಹಿತಿ ಕಂಪನಿಗಳ ದಾಖಲೆಯಲ್ಲಿ ಸುಸ್ತಿದಾರರೆಂದು ಕೂರುತ್ತದೆ. ನಾಳೆ ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಯ ಸಾಲ ಕೇಳಲು ಹೋದಾಗ ಅದು ಎದುರಿಗೆ ಬರುತ್ತದೆ.

ಪೊಲೀಸರೂ ಬರುವುದಿಲ್ಲ. ಸಾಲ ತೀರಿಸಲಾಗದಿರುವುದು ಸಿವಿಲ್ ವಿಷಯ, ಅಪರಾಧವಲ್ಲ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಿದ್ದರೆ ಮಾತ್ರ ಹುಷಾರು, ಚೆಕ್ ಬೌನ್ಸ್ ಪ್ರಕರಣ ಬೇರೆಯದೇ ದಾರಿ ಹಿಡಿಯುತ್ತದೆ. ರೇಷನ್ ಕಾರ್ಡ್ ಮುಟ್ಟುವ ಅಧಿಕಾರ ಸಾಲ ಕೊಡುವ ಯಾವ ಸಂಸ್ಥೆಗೂ ಇಲ್ಲ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ ವಸೂಲಿ ನಡೆಯಬೇಕಾದ್ದು ಇಬ್ಬರೂ ಒಪ್ಪಿದ ಜಾಗದಲ್ಲಿ. ಸತತ ಎರಡು ಅಥವಾ ಹೆಚ್ಚು ಸಲ ನೀವು ಅಲ್ಲಿಗೆ ಬಾರದಿದ್ದರೆ ಮಾತ್ರ ಅವರು ಮನೆ ಬಾಗಿಲಿಗೆ ಬರಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಕಾಡುವಂತಿಲ್ಲ. ಬಯ್ಯುವಂತಿಲ್ಲ, ನೆಂಟರನ್ನು ಪೀಡಿಸುವಂತಿಲ್ಲ. ಮೀರಿದರೆ ಮೊದಲು ಕಂಪನಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, 14448ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ವಕೀಲರ ನೆರವು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಉಚಿತ, ಆದಾಯ ಎಷ್ಟಿದ್ದರೂ ಸರಿ.

ಇನ್ನು ನಿಮ್ಮ ಲೆಕ್ಕ.

ವಾರದ ಎರಡು ಕಂತು ಸೇರಿ 1,260 ರೂ. ವರ್ಷದ 52 ವಾರಕ್ಕೆ ಹರಡಿದರೆ ತಿಂಗಳಿಗೆ 5,460. ಅದಕ್ಕೆ 2,120 ಸೇರಿಸಿ, 7,580 ಆಯಿತು. ಹತ್ತು ತಿಂಗಳು 17 ಸಾವಿರ, ಎರಡು ತಿಂಗಳು 6 ಸಾವಿರ ಎಂದರೆ ನಿಮ್ಮ ಮನೆಯ ವರ್ಷದ ಆದಾಯ 1,82,000, ತಿಂಗಳ ಸರಾಸರಿ 15,166. ಮನೆಯ ಎಲ್ಲ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎನ್ನುವುದು ಅದೇ 2022ರ ನಿಯಮ. ನಿಮ್ಮ ಅರ್ಧ 7,583. ಅಂದರೆ ಮೂರು ರೂಪಾಯಿ ಅಂತರದಲ್ಲಿ ನೀವು ಪಾಸು! ಕಾಗದದ ಮೇಲೆ ಯಾರೂ ತಪ್ಪು ಮಾಡಿಲ್ಲ. ಆದರೆ ಕಡಲು ಸರಾಸರಿ ಲೆಕ್ಕದಲ್ಲಿ ಮೀನು ಕೊಡುವುದಿಲ್ಲವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ದಕ್ಕೆಯಲ್ಲಿ ನಿಂತಿರುತ್ತವೆ. ಆ 61 ದಿನ ನಿಮ್ಮ ಮನೆಗೆ ಬರುವುದು 12 ಸಾವಿರ, ಕಟ್ಟಬೇಕಾದ್ದು 15 ಸಾವಿರ. ಅನ್ನಕ್ಕೆ ಮೊದಲೇ ಮೂರು ಸಾವಿರ ಕೊರತೆ. ಕಳೆದ ಆಗಸ್ಟಿನ 30 ಸಾವಿರದ ಸಾಲ ಹುಟ್ಟಿದ್ದು ಈ ಹಳ್ಳದಲ್ಲೇ. ನಿಮ್ಮ ದುಂದಿನಿಂದಲೂ ಅಲ್ಲ, ಪೆದ್ದುತನದಿಂದಲೂ ಅಲ್ಲ.

ವಾರದ ಕಂತು ಎಂಬ ಪದ್ಧತಿ ಎಲ್ಲಿಂದ ಬಂತು ಎಂಬುದನ್ನು ನೆನೆದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ ಮುಹಮ್ಮದ್ ಯೂನಸ್ 42 ಜನರಿಗೆ ಒಟ್ಟು 27 ಡಾಲರಿನಷ್ಟು ಹಣ ಕೊಟ್ಟರು. ಅದರಿಂದ ಬೆಳೆದ ಗ್ರಾಮೀಣ ಬ್ಯಾಂಕಿಗೂ ಅವರಿಗೂ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅಲ್ಲಿಯ ಹೆಂಗಸರು ಬಿದಿರಿನ ಪೀಠ ಹೆಣೆಯುತ್ತಿದ್ದರು. ಇವತ್ತು ಹೆಣೆದದ್ದು ನಾಳೆ ಮಾರಾಟ, ಕೈಯಲ್ಲಿ ಕಾಸು. ಅಂಥ ಕಸುಬಿಗೆ ವಾರದ ಕಂತು ಒಪ್ಪುತ್ತದೆ. ಕಾರವಾರದ ಪೇಟೆಯಲ್ಲಿ ಇಡ್ಲಿ ಮಾರುವವಳಿಗೂ, ಸಂತೆಯಲ್ಲಿ ಸೊಪ್ಪು ಹರಡಿ ಕೂರುವ ಹಾಲಕ್ಕಿ ಹೆಂಗಸಿಗೂ ಒಪ್ಪಬಹುದು. ಜನವರಿಯಲ್ಲಿ ಒಣಗಿಸಿದ ಬಂಗಡೆಯನ್ನು ಜುಲೈಯಲ್ಲಿ ಮಾರಬೇಕಾದವಳಿಗೆ ಒಪ್ಪುವುದಿಲ್ಲ. ಮಾರ್ಚಿನಲ್ಲಿ ಹಲಸಿನ ಹಪ್ಪಳ ಹಚ್ಚಿ ವರ್ಷವಿಡೀ ಮಾರುವ ಶಿರಸಿ ಕಡೆಯವರಿಗೂ ಇಲ್ಲ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಕೋಲ್ಕತ್ತದಲ್ಲಿ ಸಂಶೋಧಕರು ಒಂದಷ್ಟು ಹೆಂಗಸರಿಗೆ ಮೊದಲ ಕಂತನ್ನು ಎರಡು ವಾರಕ್ಕೆ ಬದಲಾಗಿ ಎರಡು ತಿಂಗಳ ನಂತರ ಕಟ್ಟುವ ಸವಲತ್ತು ಕೊಟ್ಟರು. ಅವರು ವ್ಯಾಪಾರಕ್ಕೆ ಹೆಚ್ಚು ಹಣ ಹಾಕಿದರು, ಮೂರು ವರ್ಷದ ನಂತರ ಅವರ ಲಾಭ ಉಳಿದವರಿಗಿಂತ ಎದ್ದು ಕಾಣುವಷ್ಟು ಹೆಚ್ಚಾಗಿತ್ತು. ಅದರ ಜೊತೆಗೇ ಸಾಲ ತೀರಿಸದವರ ಸಂಖ್ಯೆಯೂ ಹೆಚ್ಚಾಯಿತು. ಕಂಪನಿಗಳು ವಾರದ ಕಂತನ್ನು ಬಿಡದಿರಲು ಅದೇ ಕಾರಣ. ಅವರ ದೃಷ್ಟಿಯಿಂದ ಅದು ತಪ್ಪೂ ಅಲ್ಲ, ಆದರೆ ನೀವು ನಿಮ್ಮ ದೃಷ್ಟಿಯಿಂದಲೇ ನೋಡಬೇಕು. ಹೈದರಾಬಾದಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನ ಸಣ್ಣ ಸಾಲ ಬಂದ ಮೊಹಲ್ಲಾಗಳನ್ನೂ ಬಾರದವನ್ನೂ ಹೋಲಿಸಿತು. ಸಾಲ ಬಂದಲ್ಲಿ ವ್ಯಾಪಾರದ ಹೂಡಿಕೆ ಸ್ವಲ್ಪ ಹೆಚ್ಚಿತ್ತು. ಮನೆಯ ಒಟ್ಟು ಖರ್ಚಿನಲ್ಲಾಗಲೀ ಹೆಂಗಸಿನ ಮಾತಿಗೆ ಸಿಗುವ ಬೆಲೆಯಲ್ಲಾಗಲೀ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹೆಂಗಸಿನ ಕೈಗೆ ಸಾಲ ಕೊಟ್ಟರೆ ಉದ್ಯಮಿ ಹುಟ್ಟುತ್ತಾಳೆ ಎಂದು ಭಾಷಣದಲ್ಲಿ ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ನಿಮ್ಮ ಮೊದಲ ಸಾಲದ ಗತಿಯನ್ನೇ ನೋಡಿ. 50 ಸಾವಿರದಲ್ಲಿ 30 ಸಾವಿರ ಗಂಡನ ಕಾಲಿಗೆ ಹೋಯಿತು. ಹೋಗಲೇಬೇಕಿತ್ತು, ಅದನ್ನು ತಪ್ಪೆನ್ನಲಾರೆ. ಆದರೆ ಆ ಸಾಲದ ಪೂರ್ತಿ ಭಾರವನ್ನು ಒಣಮೀನು ಹೊರುತ್ತಿದೆ, ಉಳಿದ 20 ಸಾವಿರವಷ್ಟೇ ಒಣಮೀನಿಗೆ ಬಂದಿದೆ. ವ್ಯಾಪಾರದಲ್ಲಿ ಸೋತೆ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಸೋತಿಲ್ಲ. ಇವತ್ತೇ ಮಗಳ ಹಳೆಯ ನೋಟ್‌ಬುಕ್ಕೊಂದನ್ನು ತೆಗೆದುಕೊಂಡು ಮೀನಿನ ಹಣ ಒಂದು ಪುಟದಲ್ಲಿ, ಮನೆಯ ಹಣ ಇನ್ನೊಂದು ಪುಟದಲ್ಲಿ ಬರೆಯಲು ಶುರುಮಾಡಿ. ಮೂರು ವಾರ ಬರೆದರೆ ನಾನು ಹೇಳುವುದು ನಿಮಗೇ ಕಾಣುತ್ತದೆ.

ಈಗ 90 ಸಾವಿರ. ಆಸೆ ಹುಟ್ಟುವುದು ಸಹಜ, ಏಕೆಂದರೆ ತಿಂಗಳ ಹೊರೆ 7,580ರಿಂದ ಸುಮಾರು 4,770ಕ್ಕೆ ಇಳಿಯುತ್ತದೆ. ಅದು ನಿಜವಾದ ಅನುಕೂಲ, ಅಲ್ಲಗಳೆಯುವುದಿಲ್ಲ. ಆದರೆ 1,100ರಂತೆ 104 ವಾರ ಎಂದರೆ 1,14,400 ರೂ. ಈಗಿರುವ ಮೂರನ್ನು ಹೀಗೇ ಕಟ್ಟುತ್ತ ಹೋದರೆ ಎಷ್ಟಾಗುತ್ತದೆ? ಕಾರ್ಡಿನಲ್ಲಿರುವ ಬಾಕಿಯಿಂದ ಲೆಕ್ಕ ಹಾಕಿದೆ. 650ರದ್ದು ಇನ್ನು 23 ವಾರ, 610ರದ್ದು 50 ವಾರ, ತಿಂಗಳದ್ದು ಹದಿನೇಳೂವರೆ ತಿಂಗಳು, ಒಟ್ಟು ಸುಮಾರು 82,500. ವ್ಯತ್ಯಾಸ 32 ಸಾವಿರದ ಹತ್ತಿರ. ಕೈಗೆ ಸಿಗುವ 18 ಸಾವಿರಕ್ಕೆ ನೀವು ಕೊಡುವ ಬೆಲೆ ಅದು, ಸಂಸ್ಕರಣಾ ಶುಲ್ಕ ಮತ್ತು ವಿಮೆಯನ್ನು ಹಿಡಿದುಕೊಂಡರೆ 18 ಪೂರ್ತಿ ಬರುವುದೂ ಇಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಎಂದರೆ, 104 ವಾರದೊಳಗೆ ಎರಡು ಮಳೆಗಾಲ ಬರುತ್ತದೆ. ಈಗಿನ ಮೂರರಲ್ಲಿ ಒಂದು ಸಾಲ ನೂಲ ಹುಣ್ಣಿಮೆಯ ಆಸುಪಾಸಿನಲ್ಲಿ ತಾನಾಗಿಯೇ ತೀರುತ್ತದೆ, ಇನ್ನೊಂದು ಮುಂದಿನ ಮಾರ್ಚಿಗೆ. ನಿಮಗೆ ಬೇಕಾಗಿರುವುದು ಎರಡು ವರ್ಷದ ಸಾಲವಲ್ಲ, ಎರಡು ತಿಂಗಳ ಸೇತುವೆ.

ಏಜೆಂಟರು ಶೇಕಡಾ ಹನ್ನೆರಡೇ ಬಡ್ಡಿ ಎಂದಿದ್ದರೆ ಒಂದು ಮಾತು ಕೇಳಿ, ಫ್ಲ್ಯಾಟೋ, ಅಂದರೆ ಮೊದಲ ಪೂರ್ತಿ ಮೊತ್ತದ ಮೇಲೋ, ಇಳಿಯುತ್ತ ಹೋಗುವ ಬಾಕಿಯ ಮೇಲೋ ಎಂದು. 50 ಸಾವಿರಕ್ಕೆ ವರ್ಷಕ್ಕೆ 6 ಸಾವಿರ ಬಡ್ಡಿ ಸೇರಿಸಿ 52 ಕಂತು ಮಾಡಿದರೆ ಕೇಳಲು ಹನ್ನೆರಡು. ಆದರೆ ನೀವು ವಾರವಾರ ಅಸಲು ಹಿಂದಿರುಗಿಸುತ್ತಿರುವುದರಿಂದ ನಿಜದಲ್ಲಿ ಬೀಳುವುದು ಶೇ 22ಕ್ಕೂ ಮೇಲೆ. ಎಲ್ಲ ಖರ್ಚೂ ಸೇರಿದ ವಾರ್ಷಿಕ ದರ ಬರೆದ ಹಾಳೆಯೊಂದನ್ನು ಅವರು ನಿಮಗೆ ಕೊಡಲೇಬೇಕು, ಅದೂ ನಿಮಗೆ ತಿಳಿಯುವ ಭಾಷೆಯಲ್ಲಿ.

ಸೇತುವೆ ಹೇಗೆ? ಇಲ್ಲಿ ನಿಮ್ಮ ಬಳೆ ಬರುತ್ತದೆ. ಬೇಸರಿಸಬೇಡಿ. ನಾನು ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ದುಡಿದವ, ಅದರಲ್ಲಿ ಬಹುಪಾಲು ಕುಮಟಾ, ಅಂಕೋಲಾ, ಶಿರಸಿ ಶಾಖೆಗಳಲ್ಲಿ. ಬಳೆ ಅಡ ಇಡುವುದನ್ನು ಮಾನಹಾನಿ ಎಂದುಕೊಂಡು, ಶೇ 24ರ ಸಾಲವನ್ನು ಮಾತ್ರ ಮರ್ಯಾದೆ ಎಂದುಕೊಂಡ ಎಷ್ಟೋ ಮನೆಗಳನ್ನು ಕಂಡಿದ್ದೇನೆ. ಬ್ಯಾಂಕಿನಲ್ಲೋ ಒಳ್ಳೆಯ ಸಹಕಾರಿ ಸಂಘದಲ್ಲೋ ಚಿನ್ನದ ಸಾಲದ ಬಡ್ಡಿ ಸಾಮಾನ್ಯವಾಗಿ ಶೇ 10ರ ಆಚೀಚೆ. ಏಪ್ರಿಲ್ ಕೊನೆಗೆ ಒಂದೇ ಒಂದು ಬಳೆಯ ಮೇಲೆ 25 ಸಾವಿರ ತೆಗೆದಿರಿ ಎನ್ನಿ. ಆ ಹೊತ್ತಿಗೆ 650ರ ಸಾಲದಲ್ಲಿ ಸುಮಾರು 10 ಸಾವಿರ ಉಳಿದಿರುತ್ತದೆ, ಅದನ್ನು ಪೂರ್ತಿ ಮುಗಿಸಿ. ಅವಧಿಗೆ ಮೊದಲೇ ತೀರಿಸಿದರೆ ಸಣ್ಣ ಸಾಲಕ್ಕೆ ದಂಡ ಹಾಕುವಂತಿಲ್ಲ. ಉಳಿದ 15 ಸಾವಿರದಲ್ಲಿ ಜೂನ್–ಜುಲೈಯ ಮಿಕ್ಕೆರಡು ಸಾಲದ ಕಂತು ಸುಮಾರು 9,500. ಇನ್ನೂ ಐದು ಸಾವಿರದಷ್ಟು ಕೈಯಲ್ಲಿರುತ್ತದೆ. ಐದು ತಿಂಗಳಿಗೆ ಆ ಚಿನ್ನದ ಸಾಲದ ಬಡ್ಡಿ ಸಾವಿರದ ಆಸುಪಾಸು.

ಹೀಗೆ ಮಾಡಿದರೆ ಮೇ ತಿಂಗಳಲ್ಲಿ ಮೀನು ಮಾರುವ ಅವಸರ ತಪ್ಪುತ್ತದೆ. ನನಗೆ ಬೇಕಾಗಿದ್ದು ಅದೇ. ಮಳೆಗಾಲಕ್ಕೆ ಮುನ್ನ ಕೇರಿಯವರೆಲ್ಲ ಒಟ್ಟಿಗೆ ಬುಟ್ಟಿ ಇಳಿಸಿದಾಗ ಘಟ್ಟದ ಮೇಲಿನ ವ್ಯಾಪಾರಿ ಹೇಳಿದ್ದೇ ದರ. ಹಸಿಮೀನು ಸಿಗದ ಜುಲೈಯಲ್ಲಿ ಒಂದು ಮುಷ್ಟಿ ಒಣ ಶೆಟ್ಲಿ (ಸಿಗಡಿ) ಇಲ್ಲದೆ ಗಂಜಿ ಇಳಿಯದವರೇ ಹುಡುಕಿಕೊಂಡು ಬರುತ್ತಾರೆ. ಆ ದಿನಗಳ ದರ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಲಾಭವನ್ನು ವಾರದ ಕಂತು ತಿನ್ನುತ್ತಿದೆ.

ಇದರಲ್ಲಿ ಅಪಾಯ ಇಲ್ಲವೆಂದಲ್ಲ. ಅಕ್ಟೋಬರಿನೊಳಗೆ ತೀರಿಸದಿದ್ದರೆ ಬಳೆಯ ಸಾಲವೂ ಬೆಳೆದು ಕೊನೆಗೆ ಬಳೆ ಹರಾಜಿಗೆ ಬರುತ್ತದೆ. ಮಗಳಿಗೂ ಈಗಲೇ ಹೇಳಿಬಿಡಿ, ಬಚ್ಚಿಟ್ಟು ಅಡ ಇಟ್ಟ ಬಳೆ ಮನೆಯಲ್ಲಿ ಬೇರೆಯೇ ಜಗಳ ತರುತ್ತದೆ. ಎರಡನೆಯ ಬಳೆಯನ್ನು ಮುಟ್ಟಬೇಡಿ. ಮೀನು ಬೂಸು ಹಿಡಿದರೆ ಲೆಕ್ಕವೆಲ್ಲ ನೀರುಪಾಲು. ಕುಮಟಾದ ಮೀನುಪೇಟೆಯಲ್ಲಿ ಒಬ್ಬ ಅಜ್ಜಿ ಖರೀದಿಗೆ ಮುಂಚೆ ಒಣ ಶೆಟ್ಲಿಯೊಂದನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದಳು. ಟಕ್ ಎಂದರೆ ಬುಟ್ಟಿಗೆ, ಬಾಗಿದರೆ ವಾಪಸ್. ಸದ್ದು ಬಂದದ್ದು ಮಾತ್ರ ಮಳೆಗಾಲ ದಾಟುತ್ತದೆ ಎನ್ನುತ್ತಿದ್ದಳು. ಮರಳಿನ ಮೇಲೆ ಒಣಗಿಸಿದ ಮೀನಿಗೆ ಆ ಸದ್ದು ಬರುವುದು ಕಷ್ಟ, ಕೆಳಗಿನಿಂದ ತೇವ ಏರುತ್ತಲೇ ಇರುತ್ತದೆ. ಸೊಂಟದೆತ್ತರಕ್ಕೆ ಅಡಿಕೆ ದಬ್ಬೆಯ ಚಪ್ಪರ ಕಟ್ಟಿ ಹಳೆಯ ಬಲೆ ಹಾಸಿ. ಗಾಳಿ ಎರಡೂ ಕಡೆಯಿಂದ ಆಡುತ್ತದೆ, ಮರಳಿಲ್ಲ, ನಾಯಿಯಿಲ್ಲ. ಬಾಯಿ ಬಿಗಿಯಾದ ಡಬ್ಬದಲ್ಲಿ ದಪ್ಪ ಪ್ಲಾಸ್ಟಿಕ್ ಹಾಕಿ ತುಂಬಿ.

45 ಸಾವಿರದ ಯಂತ್ರ ಸದ್ಯಕ್ಕೆ ಬೇಡ. ಕೈಯಲ್ಲಿ ಒತ್ತುವ ಸಣ್ಣ ಸೀಲಿಂಗ್ ಯಂತ್ರ ಒಂದೆರಡು ಸಾವಿರಕ್ಕೆ ಸಿಗುತ್ತದೆ, ದಿನಕ್ಕೆ ನೂರು ಪ್ಯಾಕೆಟ್ಟಿಗೆ ಧಾರಾಳ. ಆಹಾರ ಸುರಕ್ಷತಾ ಪ್ರಾಧಿಕಾರದ ಮೂಲ ನೋಂದಣಿ ಮಾಡಿಸಿ. ನಿಮ್ಮಂಥ ಸಣ್ಣ ವಹಿವಾಟಿನವರಿಗೆ ಅದರ ಶುಲ್ಕ ವರ್ಷಕ್ಕೆ 100 ರೂ. ಆ ಸಂಖ್ಯೆ ಇಲ್ಲದ ಪ್ಯಾಕೆಟ್ಟನ್ನು ಒಳ್ಳೆಯ ಅಂಗಡಿಯವರು ಇಟ್ಟುಕೊಳ್ಳುವುದಿಲ್ಲ. ಒಂದು ಮಳೆಗಾಲ ನೂರಿನ್ನೂರು ಪ್ಯಾಕೆಟ್ ಮಾರಿ ನೋಡಿ, ಆಮೇಲೆ ಯಂತ್ರದ ಮಾತು. ಸಬ್ಸಿಡಿ ಇದೆ. 2025–26ರವರೆಗಿನ ನಿಯಮದಂತೆ ಮತ್ಸ್ಯ ಸಂಪದ ಯೋಜನೆಯ ಘಟಕಗಳಿಗೆ ಹೆಂಗಸರಿಗೆ ಶೇ 60ರವರೆಗೆ, ಕಿರು ಆಹಾರ ಉದ್ಯಮದ ಯೋಜನೆಯಲ್ಲಿ ಘಟಕದ ವೆಚ್ಚಕ್ಕೆ ಶೇ 35, ಹೆಂಗಸರ ಸ್ವಉದ್ಯೋಗದ ಉದ್ಯೋಗಿನಿ ಯೋಜನೆಯಲ್ಲಿ ಬೇರೆಯೇ ದರ. ಆದರೆ ಸಬ್ಸಿಡಿ ಬರುವ ಹೊತ್ತಿಗೆ ಎಷ್ಟು ಕಂತು ಕಟ್ಟಿರುತ್ತೀರೋ ಯಾರೂ ಹೇಳಲಾರರು. ಅದನ್ನು ನಂಬಿ ಸಾಲದ ಮೊತ್ತ ನಿಶ್ಚಯಿಸಬೇಡಿ.

ಮೀನುಗಾರಿಕೆ ಇಲಾಖೆಯ ಕಚೇರಿಗೆ ಮಾತ್ರ ಈ ತಿಂಗಳೇ ಹೋಗಿ. ಎರಡು ಕೆಲಸಗಳಿವೆ. ಒಂದು, ಗಂಡನ ಹೆಸರು ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿದೆಯೇ ನೋಡಿ. ಮೀನುಗಾರ 1,500 ಉಳಿಸಿದರೆ ಸರ್ಕಾರಗಳು 3,000 ಸೇರಿಸಿ ಬಿಡುವಿನ ತಿಂಗಳುಗಳಲ್ಲಿ ಕೊಡುತ್ತವೆ. ಇನ್ನೊಂದು, ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲ. ಅದರ ಮಿತಿಯನ್ನು 50 ಸಾವಿರದಿಂದ 3 ಲಕ್ಷಕ್ಕೆ ಏರಿಸುವುದಾಗಿ 2023ರ ರಾಜ್ಯ ಬಜೆಟ್ಟಿನಲ್ಲಿ ಘೋಷಿಸಿದ್ದರು. ಮೀನುಗಾರ ಮಹಿಳೆಯರ ಸಹಕಾರಿ ಸಂಘದಲ್ಲಿ ನೀವು ಸದಸ್ಯೆಯಲ್ಲದಿದ್ದರೆ ಮೊದಲು ಆಗಿ. ಸಾಲ ತಡವಾಗಿ ಬಂದರೂ ಅದು ನಿಮ್ಮ ಮುಂದಿನ ವರ್ಷದ ಬಂಡವಾಳ, ವರ್ಷಕ್ಕೊಮ್ಮೆ ಸೀಸನ್ನಿನಲ್ಲಿ ತಿರುಗುವ ಸಾಲ. ಮೀನುಗಾರರಿಗೂ, ಹೆಂಗಸರ ಗುಂಪುಗಳಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಉಂಟು ಎಂಬುದನ್ನೂ ಬ್ಯಾಂಕಿನಲ್ಲಿ ನೆನಪಿಸಿ. ಕೆಲವು ಶಾಖೆಗಳಲ್ಲಿ ಅದು ಬತ್ತ ಬೆಳೆಯುವವರಿಗೆ ಮಾತ್ರ ಎನ್ನುವ ಭಾವನೆ ಇನ್ನೂ ಇದೆ.

ಬ್ಯಾಂಕಿನವರು ಮೊದಲ ಸಲಕ್ಕೆ ಹೂಂ ಎನ್ನದಿರಬಹುದು. ನಾನೂ ಅಂದಿಲ್ಲ. ಹದಿನೈದು ವರ್ಷದ ಹಿಂದೆ ಬುಟ್ಟಿಯನ್ನು ಹೊರಗಿಟ್ಟು ಒಳಗೆ ಬಂದ ಹೆಂಗಸೊಬ್ಬಳು 10 ಸಾವಿರ ಕೇಳಿದಳು. ಕಾಗದ ಸರಿಯಿಲ್ಲ ಎಂದು ಕಳಿಸಿದೆ. ಅದೇ ಸಂಜೆ ಅವಳು ಮೀಟರ್ ಬಡ್ಡಿಯವನಲ್ಲಿಗೆ ಹೋದಳು, ಎರಡು ವರ್ಷದಲ್ಲಿ ಮನೆಯಡಿಯ ಜಾಗವೂ ಹೋಯಿತು. ಕಾಗದ ಸರಿಮಾಡಿಕೊಡಲು ನನಗೆ ಬೇಕಾಗುತ್ತಿದ್ದುದು ಅರ್ಧ ಗಂಟೆ. ಆದ್ದರಿಂದ ಇಲ್ಲ ಎಂದರೆ ಯಾವ ಕಾಗದ ಇಲ್ಲ ಎಂದು ಕೇಳಿ, ಬರೆಸಿಕೊಂಡೇ ಎದ್ದೇಳಿ.

ನಾದಿನಿಯ ವಿಷಯ. ಗುಂಪಿನ ಸಾಲಕ್ಕೆ ಸಹಿ ಹಾಕುವಾಗ ಒಬ್ಬರ ಕಂತಿಗೆ ಉಳಿದವರು ಹೊಣೆ ಎಂದು ಒಪ್ಪಿರುತ್ತೀರಿ. ಹಾಗಾಗಿ ಅವಳು ಕಟ್ಟಿದ್ದು ದಾನವಲ್ಲ, ನೀವು ಅವಳಿಗೆ ಕೊಡಬೇಕಾದ ಸಾಲ. ಅದು ಯಾವ ಕಾರ್ಡಿನಲ್ಲೂ ಇಲ್ಲದಿರುವುದರಿಂದಲೇ ಅವಳಿಗೆ ನೋವು. ಕೈಯಲ್ಲಿ ಉಳಿಯುವ ಐದು ಸಾವಿರದಿಂದ ಮೊದಲು ಅವಳದನ್ನು ಕೊಡಿ. ಕೊಟ್ಟ ಮೇಲೆ ಇನ್ನೊಂದು ಪ್ರಸ್ತಾಪ ಮಾಡಿ ನೋಡಿ. ಕೇರಿಯ ಹತ್ತು ಹನ್ನೆರಡು ಹೆಂಗಸರು ಸೇರಿ ವಾರಕ್ಕೆ ಐವತ್ತರಂತೆ ಉಳಿಸುವ ಸ್ವಸಹಾಯ ಗುಂಪು. ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು ನಬಾರ್ಡ್ 1992ರಲ್ಲಿ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಶುರುಮಾಡಿತು. ಶಿರಸಿ ಬಳಿ ಹಪ್ಪಳ ಮಾಡುವ ಒಂದು ಗುಂಪು ಒಳಗೊಳಗೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಹಿಡಿಯುತ್ತಿತ್ತು. ಲೆಕ್ಕಕ್ಕೆ ಅದೂ ಶೇ 24ರ ಬಡ್ಡಿಯೇ! ಆದರೆ ಆ ಬಡ್ಡಿ ಗುಂಪಿನ ಡಬ್ಬಿಗೇ ಬೀಳುತ್ತಿತ್ತು, ಕಂತು ಹಪ್ಪಳ ಮಾರಿದ ಮೇಲೆ ಎಂದು ಅವರೇ ತೀರ್ಮಾನಿಸುತ್ತಿದ್ದರು. ಅಲ್ಲೂ ಜಗಳಗಳಾಗುತ್ತವೆ, ಲೆಕ್ಕ ಬರೆಯುವವಳೇ ಯಜಮಾನಿಯಾಗುತ್ತಾಳೆ. ಪುಸ್ತಕವನ್ನು ವರ್ಷಕ್ಕೊಬ್ಬರಂತೆ ಸರದಿಯಲ್ಲಿ ಬರೆಯಿರಿ.

ನೀವು ಕಳಿಸಿದ ಮೂರನೆಯ ಕಾರ್ಡಿನ ಫೋಟೊದಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಸೆಪ್ಟೆಂಬರಿನ 40 ಸಾವಿರದಲ್ಲಿ ವಿಮೆಯೆಂದು ಎರಡು ಸಾಲುಗಳಲ್ಲಿ ಹಣ ಕಡಿದಿದ್ದಾರೆ, ಒಂದು ನಿಮ್ಮ ಹೆಸರಿನಲ್ಲಿ, ಇನ್ನೊಂದಕ್ಕೆ ಹೆಸರೇ ಇಲ್ಲ. ಬೇಡವಾದ ವಿಮೆಯನ್ನು ನಿಮ್ಮ ಒಪ್ಪಿಗೆಯಿಲ್ಲದೆ ಹಚ್ಚುವಂತಿಲ್ಲ. ಮುಂದಿನ ಕಂತಿನ ದಿನ ಕಾರ್ಡನ್ನು ಜೊತೆಗೆ ಒಯ್ದು, ಎರಡನೆಯ ಸಾಲಿನ ಮೇಲೆ ಬೆರಳಿಟ್ಟು, ಇದು ಯಾರ ವಿಮೆ ಎಂದು ಕೇಳಿ.